ಲೂಪ್ ನಿಂತಿತು, ಉತ್ತರ ಇನ್ನೂ ದೂರ ಇದೆ

ಪ್ರಶ್ನೆ: ಮೇಡಂ, ಎಂಎಸ್ಸಿ ಪ್ರಾಜೆಕ್ಟಿಗೆ ಫಿಕ್ಸೆಡ್ ಪಾಯಿಂಟ್ ಇಟರೇಷನ್ ತಗೊಂಡಿದ್ದೇನೆ, ಅಂದರೆ ಒಂದು ಮ್ಯಾಪ್‌ಗೆ (ಸೂತ್ರಕ್ಕೆ) ಬಂದ ಬೆಲೆಯನ್ನೇ ಮತ್ತೆ ಮತ್ತೆ ಹಾಕಿ, ಬದಲಾಗದೆ ಉಳಿಯುವ ಬೆಲೆ ಹುಡುಕುವುದು. ಎಕ್ಸ್ ಅನ್ನು 1+ಎಕ್ಸ್‌ನಿಂದ ಭಾಗಿಸುವ ಮ್ಯಾಪ್, 1ರಿಂದ ಶುರು, ಉತ್ತರ 0 ಬರಬೇಕು. ಹಿಂದಿನ ಬೆಲೆಗೂ ಈಗಿನದಕ್ಕೂ ವ್ಯತ್ಯಾಸ 0.000001ಕ್ಕಿಂತ ಕಮ್ಮಿ ಆದಾಗ ನಿಲ್ಲು ಅಂತ ಬರೆದಿದ್ದೆ. ನಿಂತಾಗ ಬಂದದ್ದು 0.000999. ಕೋಡ್ ತಪ್ಪಾ? ಇದಕ್ಕೆ ಸ್ಟೆಬಿಲಿಟಿ ಇಲ್ವಾ?

ಉತ್ತರ: ಕೋಡ್ ಸರಿಯಾಗೇ ಇದೆ. ಕೈಯಲ್ಲೇ ಬರೆದು ನೋಡಿ: 1, 1/2, 1/3, 1/4. ಸಾವಿರನೇ ಹೆಜ್ಜೆಯಲ್ಲಿ 1/1000 ಇದ್ದದ್ದು 1/1001 ಆಗುತ್ತದೆ, ವ್ಯತ್ಯಾಸ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಮ್ಮಿ ಆಯ್ತಲ್ವಾ, ಲೂಪ್ ನಿಲ್ಲುತ್ತದೆ, ಆದರೆ 0 ಇನ್ನೂ ಅದರ ಸಾವಿರ ಪಟ್ಟು ದೂರದಲ್ಲಿದೆ.

ಇಂಥ ಲೆಕ್ಕ ಫಿಕ್ಸೆಡ್ ಪಾಯಿಂಟ್‌ಗೆ ಬಂದೇ ಬರುತ್ತದೆ ಅಂತ ಗಣಿತಜ್ಞ ಬಾನಾಖ್ 1922ರಲ್ಲಿ ಪ್ರಕಟಿಸಿದ ಪ್ರಮೇಯ ಇಲ್ಲಿ ನಡೆಯುವುದಿಲ್ಲ. ಅದಕ್ಕೆ ಯಾವ ಎರಡು ಬಿಂದು ತಗೊಂಡರೂ ಅಂತರ 1ಕ್ಕಿಂತ ಕಮ್ಮಿ ಇರುವ ಒಂದೇ ಅನುಪಾತಕ್ಕಾದರೂ ಕುಗ್ಗಬೇಕು (ಇಂಥ ಮ್ಯಾಪಿಗೆ ಕಂಟ್ರಾಕ್ಷನ್ ಅಂತಾರೆ). ಆ ಅನುಪಾತ 0.9 ಇದ್ದರೆ, ಉಳಿದಿರುವ ದೂರ ಕೊನೆಯ ವ್ಯತ್ಯಾಸದ 9 ಪಟ್ಟು ಮೀರುವುದಿಲ್ಲ. ನಿಮ್ಮ ಮ್ಯಾಪ್‌ನಲ್ಲಿ 0 ಹತ್ತಿರ ಬಂದಷ್ಟೂ ಆ ಅನುಪಾತ 1ರ ಕಡೆ ಏರುತ್ತದೆ. ಹಾಗಾಗಿ ಒಂದರ ಹಿಂದೆ ಒಂದು ಬರುವ ವ್ಯತ್ಯಾಸಗಳ ಅನುಪಾತವನ್ನೂ ಪ್ರಿಂಟ್ ಮಾಡಿ. 1ರ ಕಡೆ ಹೋಗ್ತಾ ಇದ್ದರೆ ಆ ಸ್ಟಾಪಿಂಗ್ ರೂಲ್ ನಂಬಬೇಡಿ.

ಸ್ಟೆಬಿಲಿಟಿ ಬೇರೆ ಮಾತು. ಹಾರ್ಡರ್ ಮತ್ತು ಹಿಕ್ಸ್ 1988ರಲ್ಲಿ ಕೊಟ್ಟ ಅರ್ಥದಲ್ಲಿ, ಪ್ರತಿ ಹೆಜ್ಜೆಯ ತಪ್ಪು ಸೊನ್ನೆಗೆ ಇಳಿಯುತ್ತಾ ಹೋದರೆ ಲೆಕ್ಕವೂ ಫಿಕ್ಸೆಡ್ ಪಾಯಿಂಟ್‌ಗೆ ಬರಬೇಕು. ನಿಮ್ಮ ಮ್ಯಾಪ್ ಇದರಲ್ಲಿ ಪಾಸ್! ಆದರೆ ಕಂಪ್ಯೂಟರಿನ ರೌಂಡಿಂಗ್ ತಪ್ಪು ಸಾಮಾನ್ಯವಾಗಿ ಸೊನ್ನೆಗೆ ಇಳಿಯುವುದಿಲ್ಲ, ಅದಕ್ಕೇ ಬರೀ ಈ ವ್ಯಾಖ್ಯೆ ಹಿಡಿದು ಕೂರಬೇಡಿ ಅಂತ ಹೇಳೋದು. ಪ್ರತಿ ಸಲ 0.0001 ಸೇರಿಸಿ ಓಡಿಸಿ ನೋಡಿ. 0.9 ಅನುಪಾತದ ಕಂಟ್ರಾಕ್ಷನ್ ಆದರೆ ಕೊನೆಗೆ ಉಳಿಯುವ ತಪ್ಪು ಜಾಸ್ತಿ ಅಂದರೆ 0.001. ನಿಮ್ಮದು 0.01ರ ಹತ್ತಿರವೇ ಕೂತುಬಿಡುತ್ತದೆ, ಎಷ್ಟು ಸುತ್ತು ಓಡಿಸಿದರೂ ಅಷ್ಟೇ.

ಪ್ರಶ್ನೆ: ಮಾನ್ ಇಟರೇಷನ್ ಹಾಕಿದರೆ ಸರಿಹೋಗುತ್ತಾ ಮೇಡಂ?

ಉತ್ತರ: ಇಲ್ಲ. 1953ರ ಮಾನ್, 1955ರ ಕ್ರಾಸ್ನೊಸೆಲ್‌ಸ್ಕಿ ವಿಧಾನಗಳು ಹಳೇ ಬೆಲೆಯನ್ನೂ ಹೊಸದನ್ನೂ ಬೆರೆಸುತ್ತವೆ. ಸಮತಲವನ್ನು 90 ಡಿಗ್ರಿ ತಿರುಗಿಸುವ ಮ್ಯಾಪ್ ತಗೊಳ್ಳಿ. ಸುಮ್ನೆ ಓಡಿಸಿದರೆ ನಾಲ್ಕು ಹೆಜ್ಜೆಗೆ ಮತ್ತೆ ಶುರುವಾದ ಕಡೆಗೇ ಬಂದು ಸುತ್ತುತ್ತಲೇ ಇರುತ್ತದೆ. ಎರಡರ ಸರಾಸರಿ ತಗೊಂಡರೆ ಎರಡು ಹೆಜ್ಜೆಗೊಮ್ಮೆ ಕೇಂದ್ರದಿಂದ ದೂರ ಅರ್ಧ ಆಗುತ್ತದೆ. ಅಂಥ ಕಡೆ ಬೆರೆಸಬೇಕು. ನಿಮ್ಮ ಮ್ಯಾಪಿಗೆ ಸರಾಸರಿ ಹಾಕಿದರೆ ಹೆಜ್ಜೆಯೇ ಅರ್ಧ ಆಗಿ, ಅದೇ ಸ್ಟಾಪಿಂಗ್ ರೂಲ್‌ನಲ್ಲಿ ಲೂಪ್ ಇನ್ನೂ ದೂರದಲ್ಲಿ, 0.0014ರ ಹತ್ತಿರವೇ ನಿಲ್ಲುತ್ತದೆ.