ಒತ್ತುವ ಸ್ಟಾಂಪಿಗೆ ಕನ್ನಡದಲ್ಲಿ ಏನನ್ನೋಣ? ಅಚ್ಚು, ಠಸ್ಸೆ, ಮುದ್ರೆ

ಗೆಳೆಯರೇ,

ಬೇಸಿಗೆ ಶಿಬಿರದ ಮಕ್ಕಳಿಗೆ ಕೊಡಲು ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ದಪ್ಪ ಕಾಗದ ಮಡಚಿ, ಅದರ ಮೇಲೆ ಮಾವಿನಕಾಯಿ, ಕಲ್ಲಂಗಡಿ ಹೋಳು, ಹೂವುಗಳನ್ನು ಸ್ಟಾಂಪಿನಿಂದ ಒತ್ತಿ, ಮಾರ್ಕರಿನಲ್ಲಿ ಬಣ್ಣ ತುಂಬಿ, ಊರಲ್ಲಿರುವ ಅಜ್ಜಿಗೋ ಗೆಳತಿಗೋ ಕಳಿಸುವ ಶುಭಾಶಯ ಪತ್ರ. ಎಲ್ಲ ಸರಿಹೋಗುತ್ತಿದೆ, ಸ್ಟಾಂಪ್ ಒಂದನ್ನು ಬಿಟ್ಟು.

ಸ್ಟಾಂಪ್ ಅಂತಲೇ ಬರೆಯಬಹುದು, ನನ್ನ ತಕರಾರಿಲ್ಲ. ಆದರೆ ಅದೇ ಪುಟದ ಕೊನೆಗೆ ಲಕೋಟೆಗೆ ಸ್ಟಾಂಪ್ ಅಂಟಿಸಿ ಅಂತಲೂ ಬರೆಯಬೇಕು. ಅಂಟಿಸುವುದು ಅಂಚೆಚೀಟಿ. ಒತ್ತುವುದು?

ಮೊದಲು ಹೊಳೆಯುವುದು ಅಚ್ಚು. ಬೆಂಡೆಕಾಯಿಯನ್ನು ತೊಟ್ಟಿನ ಹತ್ತಿರ ಅಡ್ಡಕ್ಕೆ ಕತ್ತರಿಸಿ ಬಣ್ಣದಲ್ಲಿ ಅದ್ದಿ ಒತ್ತಿದರೆ ಐದು ಎಸಳಿನ ಹೂವು ಮೂಡುತ್ತದೆ, ಅದನ್ನು ಎಲ್ಲರೂ ಬೆಂಡೆಕಾಯಿ ಅಚ್ಚು ಅಂತಲೇ ಅನ್ನುತ್ತಾರೆ. ಆದರೆ ಸಂಕ್ರಾಂತಿಗೆ ಪಾಕ ಹುಯ್ಯುವ ಮರದ ಅಚ್ಚೂ ಅಚ್ಚೇ, ಅದರಿಂದ ಎದ್ದು ಬಂದ ಸಕ್ಕರೆಯ ಆನೆ, ಗಿಳಿಯೂ ಅಚ್ಚೇ. ರಂಗೋಲಿ ಅಚ್ಚು ಎಂದರೆ ತೂತಿರುವ ತಗಡು, ಮೇಲಿಂದ ಪುಡಿ ಉದುರಿಸುತ್ತೇವೆ. ಹೀಗಿರುವಾಗ "ಅಚ್ಚನ್ನು ಕಾಗದದ ಮೇಲಿಡಿ, ಬಣ್ಣ ಹಚ್ಚಿ" ಎಂದು ಓದಿದ ಮಗು ತೂತಿನ ತಗಡನ್ನೇ ನೆನೆಸಿಕೊಳ್ಳುತ್ತದೆ ಅಲ್ವಾ? ಸ್ಟಾಂಪಿನಲ್ಲಿ ಬಣ್ಣ ಮೊದಲು ಅಚ್ಚಿನ ಮುಖಕ್ಕೆ, ಆಮೇಲೆ ಕಾಗದಕ್ಕೆ. ಅಕ್ಷರವನ್ನೂ ತಿರುವಿ ಕೆತ್ತಬೇಕು. ರಬ್ಬರಿನ ಮೇಲೆ "ರಜೆ" ಎಂದು ನೇರವಾಗಿ ಕೆತ್ತಿದರೆ ಕಾಗದದಲ್ಲಿ ಜೆ ಮೊದಲು ಬಂದು ಕೂರುತ್ತದೆ, ಅದೂ ಉಲ್ಟಾ.

ಠಸ್ಸೆ ಎನ್ನುವ ಒಳ್ಳೆ ಪದ ಇದೆ. ಮರಾಠಿಯ ಠಸಾ ಇದರ ನೆಂಟ. ಆದರೆ ಕಿವಿಗೆ ಬಿದ್ದ ಕೂಡಲೇ ಕಚೇರಿ, ಸಹಿ, ನೇರಳೆ ಇಂಕು ಕಣ್ಣೆದುರು ಬರುತ್ತವೆ. ಮಾವಿನಕಾಯಿಯ ಠಸ್ಸೆ ಎಂದರೆ ನನಗೆ ಒಗ್ಗುತ್ತಿಲ್ಲ. ಉತ್ತರ ಕರ್ನಾಟಕದವರಿಗೆ ಹೇಗೆ ಕೇಳಿಸುತ್ತದೆ?

ಮುದ್ರೆ ನನಗೆ ಜಾಸ್ತಿ ಇಷ್ಟ. ಮಾಧ್ವರ ಮನೆಗಳಲ್ಲಿ ಶಂಖ, ಚಕ್ರದ ಲೋಹದ ಮುದ್ರೆಗಳನ್ನು ಗೋಪೀಚಂದನದಲ್ಲಿ ಅದ್ದಿ ಮೈಮೇಲೆ ಒತ್ತಿಕೊಳ್ಳುತ್ತಾರೆ. ಕೆಲಸ ಅಕ್ಷರಶಃ ಇದೇ. ತೊಡಕೆಂದರೆ ಅಲ್ಲಿ ಕೈಯಲ್ಲಿ ಹಿಡಿಯುವುದೂ ಮುದ್ರೆ, ಮೈಮೇಲೆ ಮೂಡುವುದೂ ಮುದ್ರೆ. ಕೈಪಿಡಿಗೆ ಎರಡು ಪದ ಬೇಕು. "ಮುದ್ರೆ ಒಣಗಲಿ" ಎಂದರೆ ಯಾವುದು ಒಣಗಬೇಕು?

ಸದ್ಯಕ್ಕೆ ನಾನು ಹಿಡಿಯುವುದಕ್ಕೆ ಒತ್ತಚ್ಚು, ಮೂಡುವುದಕ್ಕೆ ಮುದ್ರೆ ಎಂದು ಬರೆದುಕೊಂಡಿದ್ದೇನೆ. ರಂಗೋಲಿ ತಗಡಿನಂಥದ್ದು ತೂತಚ್ಚು. ಒತ್ತಚ್ಚು ನಾನು ಸುಮ್ನೆ ಜೋಡಿಸಿದ ಪದ, ಆದರೆ ಬಾಯಲ್ಲಿ ಸಲೀಸಾಗಿ ಹೊರಳುತ್ತದೆ, ಮಕ್ಕಳಿಗೆ ವಿವರಿಸುವ ಗೋಜೂ ಇಲ್ಲ.

ಇನ್ನೊಂದು ತೊಡಕು ಇಂಕಿನದು. ನೀರಲ್ಲಿ ಕರಗುವ ಇಂಕಿನಲ್ಲಿ ಗೆರೆ ಒತ್ತಿ ಅದರ ಮೇಲೆ ಸ್ಕೆಚ್ ಪೆನ್ ಆಡಿಸಿದರೆ ಗೆರೆ ಕರಗಿ ಬಣ್ಣಕ್ಕೆ ಸೇರುತ್ತದೆ. ಸ್ಪಿರಿಟ್ಟಿನ ಪರ್ಮನೆಂಟ್ ಮಾರ್ಕರ್ ಬಳಸಿದರೆ ಅದು ತೆಳು ಕಾಗದವನ್ನು ದಾಟಿ ಹಿಂಬದಿಗೆ ಹೋಗುತ್ತದೆ. ಅದಕ್ಕೇ 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ ತೂಗುವ) ದಪ್ಪ ಕಾಗದ ತನ್ನಿ ಅಂತ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಎರಡಕ್ಕೂ ಬ್ಲೀಡ್ ಎಂದುಬಿಡುತ್ತಾರೆ. ನಮ್ಮಲ್ಲಿ ಮೊದಲನೆಯದಕ್ಕೆ ಕದಡುವುದು, ಎರಡನೆಯದಕ್ಕೆ ಇಂಗುವುದು ಎಂದರೆ ಎರಡೂ ಬೇರೆಬೇರೆಯಾಗಿ ನಿಲ್ಲುತ್ತವೆ. "ಬಣ್ಣ ಬಿಡುವುದು" ಬಟ್ಟೆಗೇ ಇರಲಿ.

ನಿಮ್ಮಲ್ಲಿ ಯಾರಾದರೂ ಬಟ್ಟೆಗೆ ಮರದ ಅಚ್ಚು ಒತ್ತುವವರ ಜೊತೆ ಕೆಲಸ ಮಾಡಿದ್ದರೆ ದಯವಿಟ್ಟು ಹೇಳಿ. ಅಚ್ಚಿನ ಉಬ್ಬಿದ ಮುಖಕ್ಕೆ, ಕೆತ್ತಿ ತೆಗೆದ ತಗ್ಗಿಗೆ, ಬಣ್ಣ ಕಮ್ಮಿಯಾಗಿ ಅರ್ಧಂಬರ್ಧ ಮೂಡಿದ ಗುರುತಿಗೆ ಅವರು ಏನನ್ನುತ್ತಾರೆ? ಅವರ ಬಾಯಲ್ಲಿ ಪದ ಇದ್ದರೆ ನನ್ನ ಒತ್ತಚ್ಚನ್ನು ಈಗಲೇ ಹೊಡೆದುಹಾಕುತ್ತೇನೆ.