ನಿಸರ್ಗದ ಸಾಂತ್ವನ ಅನುಕೂಲಸ್ಥರ ವಿಲಾಸವೇ?

ಎಂ.ಎ. ವಿದ್ಯಾರ್ಥಿನಿ, ಜಯನಗರ:
ರಮ್ಯ ಕಾವ್ಯದ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್‌ಗೆ ನಿಸರ್ಗವೇ ಸಾಂತ್ವನವಾಗಿತ್ತೆಂದು ಎಲ್ಲ ಗೈಡುಗಳಲ್ಲೂ ಇದೆ. ಆದರೆ ದಿನವೂ ಹೊರವರ್ತುಲ ರಸ್ತೆಯಲ್ಲಿ ಗಂಟೆಗಟ್ಟಲೆ ಬಸ್ಸಿನಲ್ಲಿ ನಿಂತು ಬರುವ ನನಗೆ, ಬೆಟ್ಟ ಸರೋವರಗಳ ನಡುವೆ ಬದುಕಿದವನ ಈ ಮಾತು ಅನುಕೂಲಸ್ಥರ ವಿಲಾಸದಂತೆ ತೋರುತ್ತದೆ. ಹಾಗೆಂದು ಬರೆದರೆ ತಪ್ಪಾದೀತೇ?

ನಿವೃತ್ತ ಅಧ್ಯಾಪಕ, ಬಸವನಗುಡಿ:
ಗೈಡನ್ನು ಬದಿಗಿಟ್ಟು, ಟಿಂಟರ್ನ್ ಅಬ್ಬೆ ಎಂಬ ಪಾಳುಬಿದ್ದ ಮಠದ ಹೆಸರಿನ ಅವನ ಕವಿತೆಯನ್ನು ಮತ್ತೊಮ್ಮೆ ಓದಿ. 1798ರ ಜುಲೈ 13 ಎಂಬ ದಿನಾಂಕ ಅದರ ಶೀರ್ಷಿಕೆಯಲ್ಲೇ ಇದೆ. ಐದು ವರ್ಷಗಳ ಮೇಲೆ ವೈ ನದಿಯ ದಂಡೆಗೆ ಮರಳಿದ ಕವಿ, ಆ ನೋಟ ತನ್ನನ್ನು ಸಂತೈಸಿದ್ದು ಪಟ್ಟಣಗಳ ಗದ್ದಲದ ನಡುವೆ, ಒಂಟಿ ಕೋಣೆಯಲ್ಲಿ ದಣಿದು ಕುಳಿತಿದ್ದಾಗ ಎನ್ನುತ್ತಾನೆ. ಅಂದರೆ ಆ ಕವಿತೆ ನಿಮ್ಮ ಬಸ್ಸಿಗೆ ನೀವು ಎಣಿಸಿದ್ದಕ್ಕಿಂತ ಹತ್ತಿರವಿದೆ. ಡ್ಯಾಫೊಡಿಲ್ ಹೂಗಳ ಕವಿತೆಯಲ್ಲೂ ಹೀಗೆಯೇ: 1802ರ ಏಪ್ರಿಲ್‌ನಲ್ಲಿ ಅಲ್ಸ್‌ವಾಟರ್ ಸರೋವರದ ಬಳಿ ಕಂಡ ಹೂಗಳ ಬೆಲೆ ಕವಿಗೆ ತಿಳಿಯುವುದು ಬಹುಕಾಲದ ಮೇಲೆ, ಮನೆಯಲ್ಲಿ ಸುಮ್ಮನೆ ಒರಗಿದ್ದಾಗ. (ಒಂಟಿಯಾಗಿ ಅಲೆದೆನೆಂದು ಕವಿತೆ ಹೇಳಿದರೂ ಅಂದು ತಂಗಿ ಡೊರೊಥಿ ಜೊತೆಗಿದ್ದಳು, ಅವಳ ದಿನಚರಿಯ ಆ ಪುಟ, ನನ್ನ ಮಟ್ಟಿಗೆ, ಕವಿತೆಗಿಂತ ಚೆನ್ನಾಗಿದೆ.)

ಓದುಗ, ಮಲ್ಲೇಶ್ವರ:
ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ನೆನಪೂ ಕೈಕೊಡುವ ಗಳಿಗೆಯೊಂದಿದೆ. 1802ರಲ್ಲೇ ವರ್ಡ್ಸ್‌ವರ್ತ್‌ನ ಕವಿಮಿತ್ರ ಕೋಲ್‌ರಿಜ್ ತನ್ನ ವಿಷಾದದ ಪ್ರಗಾಥದಲ್ಲಿ, ಚಂದ್ರನೂ ನಕ್ಷತ್ರಗಳೂ ಎಷ್ಟು ಸುಂದರವೆಂದು ಕಾಣುತ್ತದೆ, ಅನುಭವಕ್ಕೆ ಮಾತ್ರ ಬರುತ್ತಿಲ್ಲ ಎಂದು ಬರೆದ. ನಾವು ಕೊಟ್ಟದ್ದನ್ನಷ್ಟೇ ನಿಸರ್ಗದಿಂದ ಪಡೆಯುತ್ತೇವೆ ಎಂಬುದು ಅವನ ವಾದ. ವರ್ಡ್ಸ್‌ವರ್ತ್ ಕೂಡ ಅಲ್ಲಿಗೆ ಬಂದು ಮುಟ್ಟಿದ. ಹಡಗಿನ ಕಪ್ತಾನನಾಗಿದ್ದ ತಮ್ಮ ಜಾನ್ 1805ರ ಫೆಬ್ರವರಿಯಲ್ಲಿ ಸಮುದ್ರದ ಪಾಲಾದ. ಆ ಬಳಿಕ ಪೀಲ್ ಕೋಟೆಯ ಚಿತ್ರವೊಂದನ್ನು ಕುರಿತು ಬರೆದ ಶೋಕಗೀತೆಯಲ್ಲಿ, ಹಿಂದೆ ತಾನು ಚಿತ್ರಕಾರನಾಗಿದ್ದರೆ ಅದೇ ಕಡಲನ್ನು ಸದಾ ಶಾಂತವಾಗಿ ಬಿಡಿಸುತ್ತಿದ್ದೆನೆಂದು ನೆನೆದು, ಆ ಕನಸನ್ನು ಬಿಟ್ಟುಕೊಟ್ಟು, ಬಿರುಗಾಳಿಗೆ ಎದೆಯೊಡ್ಡಿ ನಿಂತ ಕೋಟೆಯ ಚಿತ್ರವೇ ಸರಿಯೆನ್ನುತ್ತಾನೆ. ತೀವ್ರ ದುಃಖವೇ ತನ್ನನ್ನು ಮನುಷ್ಯನನ್ನಾಗಿಸಿತು ಎಂಬ ಅರ್ಥದ ಮಾತೂ ಅಲ್ಲಿದೆ. ಗೈಡುಗಳು ಈ ಕವಿತೆಯನ್ನು ಏಕೆ ಬಿಡುತ್ತವೆಯೋ!

ಎಂ.ಎ. ವಿದ್ಯಾರ್ಥಿನಿ, ಜಯನಗರ:
ಇಬ್ಬರಿಗೂ ಧನ್ಯವಾದ. ಪ್ರಬಂಧದ ಮೊದಲ ಪುಟವನ್ನು ಹೊಡೆದುಹಾಕಿದ್ದೇನೆ. ಆದರೂ ವಿಲಾಸವೆಂಬ ಮಾತನ್ನು ಪೂರ್ತಿ ಬಿಡಲಾರೆ, ಸರ್. ಕೋಣೆಯಲ್ಲಿ ಕುಳಿತು ನೆನೆಯಬೇಕಾದರೂ ಮೊದಲು ಹೊಳೆಯೊಂದನ್ನು ಕಂಡಿರಬೇಕಷ್ಟೆ. ನಿಮ್ಮ ಬಸವನಗುಡಿಯಲ್ಲೇ ಹುಟ್ಟುವ ವೃಷಭಾವತಿಯನ್ನು ನಾನು ಕಂಡದ್ದು ಮೈಸೂರು ರಸ್ತೆಯ ಬದಿಯ ನೊರೆಗಟ್ಟಿದ ಮೋರಿಯಾಗಿ ಮಾತ್ರ.

ನಿವೃತ್ತ ಅಧ್ಯಾಪಕ, ಬಸವನಗುಡಿ:
ಇದನ್ನೇ ಮೊದಲ ಪುಟವಾಗಿ ಬರೆಯಿರಿ.