ನಲವತ್ತೈದರಲ್ಲಿ ರಕ್ಕಸನ ವೇಷ ಹಾಕಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು, ಕುಮಟಾ ಕಡೆಯಿಂದ

ನನಗೆ 45 ವರ್ಷ. ಊರಿನ ಸಹಕಾರಿ ಬ್ಯಾಂಕಿನಲ್ಲಿ ಕೌಂಟರ್ ಕೆಲಸ. ಚಿಕ್ಕಂದಿನಿಂದ ಯಕ್ಷಗಾನದ ಆಟ ನೋಡಿಯೇ ಬೆಳೆದವಳು. ಈಗ ನಮ್ಮಲ್ಲೇ ಹೆಂಗಸರಿಗೆ ಯಕ್ಷಗಾನ ತರಗತಿ ಶುರುವಾಗಿದೆ. ಸೇರಬೇಕು ಅಂತ ತುಂಬಾ ಆಸೆ. ಅದರಲ್ಲೂ ಸ್ತ್ರೀವೇಷ ಬೇಡ, ರಕ್ಕಸನ ಬಣ್ಣದ ವೇಷ ಹಾಕಿ ರಂಗಸ್ಥಳದಲ್ಲಿ ಒಂದು ಸಲ ಗಟ್ಟಿಯಾಗಿ ಆರ್ಭಟ ಕೊಡಬೇಕು. ನಮ್ಮನೆಯವರು ಬೇಡ ಅನ್ನಲಿಲ್ಲ. ಅತ್ತೆ ಮಾತ್ರ "ಈ ವಯಸ್ಸಲ್ಲಿ ಕುಣಿಯೋದಾ?" ಅಂದರು. ಕಾಲೇಜಿಗೆ ಹೋಗುವ ಮಗಳಿಗೆ ಗೆಳತಿಯರು ನಗುತ್ತಾರೆ ಅನ್ನುವ ಚಿಂತೆ. ಮಾರನೇ ದಿನ ಕೌಂಟರಿನಲ್ಲಿ ಕೂತಾಗ ಗ್ರಾಹಕರು ಏನಂದುಕೊಂಡಾರು ಅನ್ನುವುದು ನನ್ನ ಚಿಂತೆ. ಇದನ್ನು ದಾಟಿ ಬಂದವರು ಇದ್ದರೆ ದಯವಿಟ್ಟು ಹೇಳಿ.

ಉಡುಪಿ ಕಡೆಯ ಗೃಹಿಣಿ

ಅಕ್ಕ, ಬಣ್ಣದ ವೇಷ ಅಂದಿರಲ್ಲ, ಅದನ್ನು ಓದಿಯೇ ಖುಷಿಯಾಯಿತು. ನಮ್ಮ ತಂಡಕ್ಕೆ ಹೊಸಬರು ಬಂದರೆ ಹೆಚ್ಚಿನವರು ಕೃಷ್ಣ ಅಥವಾ ಸುಭದ್ರೆ ಕೇಳುತ್ತಾರೆ. ಚಂದ ಕಾಣಬೇಕು ಅಂತ ಎಲ್ಲರಿಗೂ ಇರುತ್ತದೆ. ಕೂಗಬೇಕು, ಕಣ್ಣು ಕೆಂಪಗೆ ಮಾಡಬೇಕು ಅನ್ನುವ ಆಸೆಯನ್ನು ಬಾಯಿಬಿಟ್ಟು ಹೇಳುವವರು ಕಡಿಮೆ.

ನನ್ನ ಅನುಭವ ಹೇಳುತ್ತೇನೆ. ತರಗತಿಗೆ ಸೇರಿದಾಗ ಬಾಗಿಲ ಹತ್ತಿರ ಯಾರಾದರೂ ನಿಂತು ನೋಡಿದರೆ ಸಾಕು, ಕಾಲು ಏಳುತ್ತಿರಲಿಲ್ಲ. ಆಮೇಲೆ ಗುರುಗಳು ಕೈಯಲ್ಲಿ ತಾಳ ಹಾಕಿಸಿಕೊಂಡು ಹೆಜ್ಜೆ ಹೇಳಿಕೊಡಲು ಶುರುಮಾಡಿದರು. ಏಕತಾಳ ಹೇಗೋ ಆಯಿತು. ಝಂಪೆ, ತ್ರಿವುಡೆ ಬಂದಾಗ ಬಾಯಿ, ಕೈ, ಕಾಲು ಮೂರೂ ಒಟ್ಟಿಗೆ ಹೋಗಬೇಕಲ್ಲ, ಅದರಲ್ಲೇ ಮುಳುಗಿಹೋದೆ. ಬಾಗಿಲಲ್ಲಿ ಯಾರು ನಿಂತಿದ್ದಾರೆ ಅಂತ ನೋಡಲು ಪುರುಸೊತ್ತೇ ಇರಲಿಲ್ಲ. ಹಾಗಾಗಿ ಮೊದಲು ಭಯ ಕಳೆದುಕೊಂಡು ಆಮೇಲೆ ಸೇರೋಣ ಅಂತ ಕಾಯಬೇಡಿ. ಸೇರಿದ ಮೇಲೆಯೇ ಅದು ಹೋಗುವುದು.

ಇನ್ನೊಂದು ವಿಷಯ. ಇಡೀ ರಾತ್ರಿಯ ಆಟದಲ್ಲಿ ಕಥೆಗೆ ಮೊದಲು ಪೂರ್ವರಂಗ ಇರುತ್ತದೆ, ನಿಮಗೆ ಗೊತ್ತೇ ಇದೆ. ಕೋಡಂಗಿ, ಬಾಲಗೋಪಾಲ ಎಲ್ಲ ಅದರಲ್ಲೇ ಬರುವುದು. ಮೇಳಕ್ಕೆ, ಅಂದರೆ ವೃತ್ತಿ ತಂಡಕ್ಕೆ, ಹೊಸದಾಗಿ ಸೇರಿದ ಹುಡುಗರು ಹಿಂದೆ ಕೋಡಂಗಿಯಾಗಿಯೇ ಮೊದಲ ಹೆಜ್ಜೆ ಹಾಕುತ್ತಿದ್ದರು. ಆ ಹೊತ್ತಿಗೆ ಜನ ಇನ್ನೂ ಬರುತ್ತಾ ಇರುತ್ತಾರೆ. ಚಾಪೆ ಹಾಸುವವರು ಹಾಸುತ್ತಾರೆ, ಕಡಲೆ ಕೊಳ್ಳುವವರು ಕೊಳ್ಳುತ್ತಾರೆ. ತಾಳ ತಪ್ಪಿದರೂ ದೊಡ್ಡ ಸುದ್ದಿಯಾಗುವುದಿಲ್ಲ. ಕಲಿಯುವವರಿಗೆ ಅಂತಲೇ ಹಿರಿಯರು ಇಟ್ಟ ಜಾಗ ಅದು. ಎಷ್ಟು ಒಳ್ಳೆಯ ಏರ್ಪಾಡು ಅಲ್ವಾ! ನೀವೂ ಗುರುಗಳನ್ನು ಕೇಳಿ, ಮೊದಲು ಪೂರ್ವರಂಗದಲ್ಲಿ ಹೆಜ್ಜೆ ಹಾಕಿ.

ಬಣ್ಣದ ವೇಷಕ್ಕೆ ಇನ್ನೊಂದು ಅನುಕೂಲ ಇದೆ. ಅದರ ಒಡ್ಡೋಲಗ, ಅಂದರೆ ರಂಗಕ್ಕೆ ಮೊದಲು ಬರುವಾಗಿನ ಕುಣಿತ, ತೆರೆಯ ಹಿಂದೆ ಶುರುವಾಗುತ್ತದೆ. ಇಬ್ಬರು ಬಟ್ಟೆ ಹಿಡಿದಿರುತ್ತಾರೆ, ನೀವು ಅದರ ಹಿಂದೆ ಕುಣಿಯುತ್ತೀರಿ. ಮೊದಲು ಕಿರೀಟದ ತುದಿ ಕಾಣುತ್ತದೆ, ಮುಖ ಪೂರ್ತಿ ತೋರಿಸುವುದು ಆಮೇಲೆ. ಅಷ್ಟರೊಳಗೆ ಚೆಂಡೆ ಮೈಯೊಳಗೆ ಇಳಿದಿರುತ್ತದೆ. ಜನ ನಿಮ್ಮನ್ನು ನೋಡುವ ಹೊತ್ತಿಗೆ ನೀವು ಕೌಂಟರಿನ ಮೇಡಂ ಆಗಿ ಉಳಿದಿರುವುದಿಲ್ಲ. ನನ್ನ ಸ್ವಂತ ನಾದಿನಿ ಚೌಕಿಗೆ, ಅಂದರೆ ಬಣ್ಣ ಹಚ್ಚುವ ಕೋಣೆಗೆ, ಬಂದು ನನ್ನ ಹತ್ತಿರವೇ ನನ್ನ ಹೆಸರು ಹೇಳಿ "ಎಲ್ಲಿದ್ದಾಳೆ?" ಅಂತ ಕೇಳಿದ್ದಳು.

ಚೌಕಿಯಲ್ಲಿ ನಿಮ್ಮ ಮುಖವರ್ಣಿಕೆ ನೀವೇ ಮಾಡಿಕೊಳ್ಳಲು ಕಲಿಯಿರಿ. ನನಗೆ ವೇಷಕ್ಕಿಂತ ಅದೇ ಇಷ್ಟ. ಕನ್ನಡಿ ಮುಂದೆ ಕೂತು ಗೆರೆ ಎಳೆಯುತ್ತಾ ಹೋದ ಹಾಗೆ ಮುಖ ಬೇರೆಯಾಗುತ್ತದೆ. ಬಣ್ಣ ತೆಗೆಯಲು ತೆಂಗಿನೆಣ್ಣೆ ಹಚ್ಚಿ ಒರೆಸಿ, ಸೋಪು ಆಮೇಲೆ. ಮಂಡಿ ಹಾಕುವುದನ್ನು, ಅಂದರೆ ಮೊಣಕಾಲೂರಿ ಸುತ್ತುವುದನ್ನು, ಅವಸರದಿಂದ ಕಲಿಯಬೇಡಿ. ಟೈಲ್ಸ್ ನೆಲದ ಮೇಲಂತೂ ಬೇಡವೇ ಬೇಡ. ನಮ್ಮ ವಯಸ್ಸಿಗೆ ಮೊಣಕಾಲು ಮುಖ್ಯ. ಮಂಡಿ ಇಲ್ಲದೆಯೂ ರಕ್ಕಸನ ಗತ್ತು ಬರುತ್ತದೆ.

ಪುತ್ತೂರಿನ ನಿವೃತ್ತ ಮೇಷ್ಟ್ರು

ತಂಗಿ, ಕುಣಿತ ಆಮೇಲೆ ನೋಡೋಣ ಅನಿಸಿದರೆ ತಾಳಮದ್ದಳೆಯಿಂದ ಶುರುಮಾಡಿ. ಬಣ್ಣ ಇಲ್ಲ, ಕಿರೀಟ ಇಲ್ಲ. ಕೂತಲ್ಲೇ ಅರ್ಥ, ಅಂದರೆ ಪಾತ್ರದ ಮಾತು, ಹೇಳುವುದು. ಭಾಗವತರು ಹಾಡುವ ಪದ ಪ್ರಸಂಗದ ಪುಸ್ತಕದಲ್ಲಿ ಇರುತ್ತದೆ, ಮಾತು ಮಾತ್ರ ನಿಮ್ಮದು. ಎದುರಿನವರು ಏನು ಕೇಳುತ್ತಾರೋ ಅದಕ್ಕೆ ಆ ಕ್ಷಣದಲ್ಲೇ ಉತ್ತರ ಹುಟ್ಟಬೇಕು. ರಾವಣನ ಅರ್ಥ ಹೇಳುತ್ತಾ ರಾಮನನ್ನು ಕೆಣಕುವ ಸುಖ ಬೇರೆ ಎಲ್ಲೂ ಸಿಗುವುದಿಲ್ಲ. ದನಿ ಎತ್ತುವ ರೂಢಿ ಇಲ್ಲೇ ಆಗಿಬಿಡುತ್ತದೆ.

ಅತ್ತೆಯವರಿಗೆ ಲೀಲಾವತಿ ಬೈಪಾಡಿತ್ತಾಯರ ವಿಷಯ ಹೇಳಿ. ಅವರು ಭಾಗವತಿಕೆ, ಅಂದರೆ ಯಕ್ಷಗಾನದ ಹಾಡುಗಾರಿಕೆ, ಕಲಿತದ್ದು ಮದುವೆಯಾದ ಮೇಲೆ, ಗಂಡ ಹರಿನಾರಾಯಣ ಬೈಪಾಡಿತ್ತಾಯರಿಂದ. ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿಯ) ವೃತ್ತಿ ಮೇಳಗಳಲ್ಲಿ ಗಂಡಸರ ನಡುವೆ ಕೂತು ರಾತ್ರಿಯಿಡೀ ಹಾಡಿದರು. ಅದಕ್ಕೂ ಮೊದಲು ಹೆಂಗಸರು ಆ ಜಾಗದಲ್ಲಿ ಕೂತದ್ದಿಲ್ಲ. ಹಾಡು ಕೇಳಿದ ಮೇಲೆ ಜನ ಹಾಡಿನ ಬಗ್ಗೆಯೇ ಮಾತಾಡಿದರು.

ಬಾಗಲಕೋಟೆಯಿಂದ ಕಿರಾಣಿ ಅಂಗಡಿಯವರು

ಅಕ್ಕಾರ, ನಮ್ಮ ಕಡೆ ಯಕ್ಷಗಾನ ಇಲ್ಲ. ಆದರ ಸೋಗು ಐತಿ. ಹೋಳಿ ಹುಣ್ಣಿವಿಗೆ ನಮ್ಮೂರಾಗ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಅಂತ ಓಣಿ ಓಣಿಯವರು ಸೋಗಿನ ಬಂಡಿ ಹೂಡುತ್ತಾರೆ. ಮುಂದೆ ಹಲಗೆ ಬಡಿಯುವವರು, ಹಿಂದೆ ಬಂಡಿ, ಬಂಡಿ ಮ್ಯಾಲೆ ವೇಷ ಹಾಕಿದವರು. ಪುರಾಣದ ಸೋಗೂ ಇರುತ್ತದೆ, ಈ ಕಾಲದ ಸುದ್ದಿಯ ಸೋಗೂ ಇರುತ್ತದೆ.

ನಾನು ಸೋಗು ಹಾಕಿದವನು. ಊರೆಲ್ಲ ನೋಡಿತು. ಮರುದಿನ ಅಂಗಡಿಗೆ ಬಂದವರು ಬೇಳೆ ತೂಗಿಸಿಕೊಳ್ಳುತ್ತಾ "ನಿನ್ನೆ ಚೊಲೋ ಆಗಿತ್ತು" ಅಂದರು, ದುಡ್ಡು ಕೊಟ್ಟು ಹೋದರು. ಅಷ್ಟೇ. ಉದ್ರಿ ಬಾಕಿ ಇದ್ದವರು ಅದೇ ನೆವದಾಗ ಮಾತಿಗೆ ಬಂದು ಬಾಕಿಯನ್ನೂ ತೀರಿಸಿದರು. ನಿಮ್ಮ ಬ್ಯಾಂಕಿನ ಗ್ರಾಹಕರೂ ಹಾಗೇ. ಅವರಿಗೆ ಬೇಕಾದದ್ದು ಪಾಸ್‌ಬುಕ್ ಎಂಟ್ರಿ, ರೊಕ್ಕದ ಲೆಕ್ಕ. ಕುಣಿದ ಕೈ ಲೆಕ್ಕ ತಪ್ಪುತ್ತದೆ ಅಂತ ಯಾರೂ ಅನ್ನುವುದಿಲ್ಲ.

ಒಬ್ಬರೇ ಹಾಕಿದರೆ ಊರು ಮಾತಾಡುತ್ತದೆ. ಓಣಿಯೇ ಹಾಕಿದರೆ ಅದು ಹಬ್ಬ. ತರಗತಿಯಲ್ಲಿ ನಿಮ್ಮ ಜೊತೆ ಸೇರಿದವರನ್ನು ಬಿಡಬೇಡಿ.

ಬೆಂಗಳೂರಿನ ಐಟಿ ಉದ್ಯೋಗಿ, ವಾರಾಂತ್ಯದ ತಂಡದಲ್ಲಿ ಹಾಸ್ಯಗಾರ

ಎಲ್ಲರೂ ಹೇಳಿದ್ದು ಸರಿ, ಆದರೆ ಒಂದು ಎಚ್ಚರಿಕೆ ಬೇಕು. ಎದುರಿಗೆ ಕೂತು ನೋಡುವ ಜನರಿಂದ ತೊಂದರೆ ಇಲ್ಲ. ಅವರು ಪೂರ್ತಿ ಆಟ ನೋಡಿರುತ್ತಾರೆ. ಫೋನಿನಲ್ಲಿ ಅರ್ಧ ನಿಮಿಷದ ತುಣುಕು ನೋಡುವವರಿಗೆ ಕಥೆ ಗೊತ್ತಿರುವುದಿಲ್ಲ. ನನ್ನ ಒಂದು ಸನ್ನಿವೇಶವನ್ನು ಯಾರೋ ಕೇಳದೆ ಹಾಕಿದ್ದರು. ಕೆಳಗೆ ಬಂದ ಮಾತುಗಳನ್ನು ಓದಿ ಮನಸ್ಸಿಗೆ ನೋವಾಯಿತು. ಈಗ ಆಟಕ್ಕೆ ಮೊದಲೇ ಸಂಘಟಕರ ಹತ್ತಿರ ವಿಡಿಯೊ ಯಾರು ಮಾಡುತ್ತಾರೆ, ಎಲ್ಲಿ ಹಾಕುತ್ತಾರೆ ಅಂತ ಕೇಳುತ್ತೇವೆ. ಸಭಿಕರಿಗೂ ಹೇಳಿಸುತ್ತೇವೆ. ನೀವೂ ಇದನ್ನು ನಾಚಿಕೆ ಬಿಟ್ಟು ಕೇಳಿ. ನಿಮ್ಮ ಮಗಳ ಚಿಂತೆ ಅರ್ಧ ಇದರಲ್ಲೇ ಇದೆ ಅನಿಸುತ್ತದೆ.

ಶಿರಸಿಯಿಂದ, ವೇಷಧಾರಿಯ ಮಗಳು

ಮಗಳ ವಿಷಯಕ್ಕೆ ನಾನು ಹೇಳಬಲ್ಲೆ. ನಮ್ಮಮ್ಮ ತರಗತಿಗೆ ಸೇರಿದಾಗ ನಾನು ಡಿಗ್ರಿಯಲ್ಲಿದ್ದೆ. ಅಮ್ಮ ನನ್ನ ಹತ್ತಿರ ಒಪ್ಪಿಗೆ ಕೇಳಲಿಲ್ಲ, ಸಹಾಯ ಕೇಳಿದರು. ಪದ್ಯ ಹೇಳಿಕೊಡು, ಗೆಜ್ಜೆ ಕಟ್ಟು, ಕಿರೀಟದ ಕಟ್ಟು ಬಿಗಿ ಆಯಿತಾ ನೋಡು ಅಂತ. ಚೌಕಿಯಲ್ಲಿ ಕೆಲಸ ಸಿಕ್ಕ ಮೇಲೆ ನಾನೂ ಆ ತಂಡದವಳೇ ಆದೆ. ಗೆಳತಿಯರನ್ನು ನಾನೇ ಕರೆದುಕೊಂಡು ಹೋದೆ. ಅವರಲ್ಲಿ ಒಬ್ಬಳು ಈಗ ಮದ್ದಳೆ ಕಲಿಯುತ್ತಿದ್ದಾಳೆ.

ಅತ್ತೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಹಳೆಯ ಆಟಗಳನ್ನು ನೋಡಿದವರ ಕಣ್ಣು ಅವರದ್ದು. ತಪ್ಪು ಎಲ್ಲಾಯಿತು ಅಂತ ಅವರನ್ನೇ ಕೇಳಿ.

ಮತ್ತೆ ಉಡುಪಿಯಿಂದ

ಹೇಳಲು ಮರೆತೆ ಅಕ್ಕ. ಸೇರುವುದಾದರೆ ಮಳೆಗಾಲ ಬಿಡಬೇಡಿ. ಮೇಳಗಳ ತಿರುಗಾಟ ಮಳೆಗೆ ಮೊದಲು ಮುಗಿಯುತ್ತದೆ. ದೀಪಾವಳಿ ಕಳೆದ ಮೇಲೆ ಮತ್ತೆ ಹೊರಡುತ್ತವೆ. ನಡುವಿನ ತಿಂಗಳುಗಳಲ್ಲಿ ಕಲಾವಿದರು ಊರಿನಲ್ಲಿ ಇರುತ್ತಾರೆ, ಹೇಳಿಕೊಡಲು ಸಮಯವೂ ಇರುತ್ತದೆ. ಆರ್ಭಟ ಹೊಟ್ಟೆಯಿಂದ ಬರಬೇಕು, ಗಂಟಲಿನಿಂದ ಅಲ್ಲ. ಅದನ್ನು ಬಣ್ಣದ ವೇಷ ಮಾಡಿದವರಿಂದಲೇ ಕಲಿಯಿರಿ. ಮನೆಯಲ್ಲಿ ಅಭ್ಯಾಸ ಮಾಡುವಾಗ ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ.